ಮನಸ್ಸು ಭಾರವಾದಾಗ ಒಂದು ಪದ್ಯ, ಒಂದು ಕಥೆ

ಪರೀಕ್ಷೆ ಹತ್ತಿರವಾಯಿತೆಂದರೆ ಅನೇಕ ಮನೆಗಳಲ್ಲಿ ಮೊದಲು ಬೀರು ಸೇರುವುದು ಕಥೆಪುಸ್ತಕ. ‘ಅದನ್ನು ಓದಿದರೆ ಮಾರ್ಕ್ಸ್ ಬರುತ್ತದೆಯೇ?’ ಎಂಬುದು ತಂದೆತಾಯಿಯರ ಪ್ರಶ್ನೆ. ಮಾರ್ಕ್ಸಿನ ಮಾತು ಹಾಗಿರಲಿ, ಮಾರ್ಕ್ಸಿನ ಚಿಂತೆಯಲ್ಲೇ ನಿದ್ದೆಗೆಟ್ಟ ಮಕ್ಕಳ ಮನಸ್ಸಿಗೆ ಸಾಹಿತ್ಯದಿಂದ ಆಗುವ ಉಪಕಾರ ಸಣ್ಣದಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಂತೂ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ.

‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರು ಕಡೂರು ತಾಲ್ಲೂಕಿನ ದೇವನೂರು ಎಂಬುದು ಪರಂಪರೆಯ ಮಾತು. ಅವನ ಕಾವ್ಯದಲ್ಲಿ ಬರುವ ಚಂದ್ರಹಾಸ ಹೆತ್ತವರನ್ನು ಕಳೆದುಕೊಂಡ ಬಾಲಕ. ಸಾಕಿದ ದಾದಿಯೂ ತೀರಿಕೊಂಡು ಬೀದಿಗೆ ಬೀಳುತ್ತಾನೆ. ಮಂತ್ರಿ ದುಷ್ಟಬುದ್ಧಿ ಅವನಿಗೆ ವಿಷ ಕೊಡುವಂತೆ ಪತ್ರ ಬರೆದು, ಅದನ್ನು ಅವನ ಕೈಯಲ್ಲೇ ಕಳುಹಿಸುತ್ತಾನೆ. ಮಂತ್ರಿಯ ಮಗಳು ವಿಷಯೆ ಪತ್ರದ ‘ವಿಷ’ವನ್ನು ತಿದ್ದಿ ತನ್ನ ಹೆಸರಾಗಿಸುತ್ತಾಳೆ, ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ. ‘ಧೈರ್ಯವಾಗಿರು’ ಎಂದು ಹಿರಿಯರು ಹತ್ತು ಸಲ ಹೇಳಿದರೂ ಕಿವಿಗೊಡದ ಹುಡುಗ ಈ ಕಥೆಯನ್ನು ಉಸಿರು ಬಿಗಿಹಿಡಿದು ಕೇಳುತ್ತಾನೆ. ಕಷ್ಟ ತನಗೊಬ್ಬನಿಗೇ ಬಂದದ್ದಲ್ಲ, ಅದಕ್ಕೆ ಕೊನೆಯೂ ಉಂಟು ಎಂಬುದು ಉಪದೇಶವಿಲ್ಲದೆ ಮನಸ್ಸಿಗಿಳಿಯುತ್ತದೆ.

ಉಸಿರು ಮತ್ತು ಛಂದಸ್ಸು

ಲಕ್ಷ್ಮೀಶನ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ. ಅದರ ಚಿಕ್ಕ ಸಾಲುಗಳಿಗೆ 20 ಮಾತ್ರೆ, 3 ಮತ್ತು 6ನೇ ಸಾಲುಗಳಿಗೆ 32 ಮಾತ್ರೆ. ಪ್ರಸ್ತಾರ ಹಾಕಿ ಅಂಕ ಗಳಿಸಲು ಮಾತ್ರ ಇದನ್ನು ಕಲಿತವರು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಉದ್ದದ ಸಾಲಿಗೆ ಉಸಿರನ್ನು ನಿಧಾನವಾಗಿ ಬಿಡಲೇಬೇಕು. ಹಾಗೆ ಬಿಟ್ಟಾಗ ವೇಗಸ್ ನರ ಚುರುಕಾಗಿ ಹೃದಯದ ಬಡಿತ ತಗ್ಗುತ್ತದೆ. ಪ್ರಾಚೀನ ಗ್ರೀಕ್ ಮಹಾಕಾವ್ಯದ ಛಂದಸ್ಸಿನಲ್ಲಿರುವ ಪದ್ಯಗಳನ್ನು ಗಟ್ಟಿಯಾಗಿ ಓದುವಾಗ ಉಸಿರಾಟವೂ ಹೃದಯದ ಲಯವೂ ಹೊಂದಿಕೊಳ್ಳುವುದನ್ನು ಜರ್ಮನಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದರು.

ಇನ್ನೊಂದು ಉಪಕಾರವೂ ಇದೆ. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 2007ರ ಪ್ರಯೋಗವೊಂದರಲ್ಲಿ, ಚಿತ್ರದಲ್ಲಿ ಕಂಡ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯಕ್ಕೆ ಸ್ಪಂದಿಸುವ ‘ಅಮಿಗ್ಡಲ’ ಭಾಗದ ಚಟುವಟಿಕೆ ಇಳಿದಿತ್ತು. ‘ಏನೋ ಒಂಥರಾ ಆಗ್ತಿದೆ’ ಎನ್ನುವ ಮಗುವಿಗೆ ಅದು ಅವಮಾನವೋ, ಅಂಜಿಕೆಯೋ, ಒಂಟಿತನವೋ ಎಂದು ಗುರುತಿಸುವ ಮಾತುಗಳು ಬೇಕು. ಆ ಮಾತುಗಳ ಕಣಜವೇ ಸಾಹಿತ್ಯ.

ಹಳಗಾಲದ ಕಾವ್ಯ ಕಠಿಣವೆನಿಸಿದರೆ ಕಥೆಗಳಿವೆ. ‘ಆನಂದ’ ಎಂಬ ಹೆಸರಿನಲ್ಲಿ ‘ನಾನು ಕೊಂದ ಹುಡುಗಿ’ ಬರೆದ ಅಜ್ಜಂಪುರ ಸೀತಾರಾಂ (1902–1963) ಈ ನೆಲದ ಹೆಸರು ಹೊತ್ತವರು. ‘ಕತ್ತಿಯಂಚಿನ ದಾರಿ’ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ರಹಮತ್ ತರೀಕೆರೆ ಅವರು ತರೀಕೆರೆ ತಾಲ್ಲೂಕಿನವರು. ಪುಸ್ತಕ ಕೊಳ್ಳಲಾಗದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅಲ್ಲಿ ಮಕ್ಕಳನ್ನು ಓದಿಗೆ ಸೆಳೆಯಲೆಂದೇ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು.

ಪುಸ್ತಕ ವೈದ್ಯರಲ್ಲ

ಆದರೆ ಓದು ಎಲ್ಲದಕ್ಕೂ ಮದ್ದಲ್ಲ. ಎರಡು ವಾರ ಕಳೆದರೂ ಮಗು ಸರಿಯಾಗಿ ಉಣ್ಣದೆ, ನಿದ್ರಿಸದೆ, ಯಾರೊಡನೆಯೂ ಬೆರೆಯದೆ ಇದ್ದರೆ ವೈದ್ಯರಿಗೆ ತೋರಿಸಬೇಕು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಒಮ್ಮೆ ಬಂದರೂ ತಡಮಾಡಬಾರದು, ಮಗುವನ್ನು ಒಂಟಿಯಾಗಿ ಬಿಡಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಟಿ.ವಿ., ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ಮನೆಮಂದಿ ಒಟ್ಟಿಗೆ ಕುಳಿತರೆ ಸಾಕು. ಒಂದು ದಿನ ಅಪ್ಪ ಓದಲಿ, ಮರುದಿನ ಮಗಳು ಓದಲಿ. ಅಕ್ಷರ ಬಾರದ ಅಜ್ಜಿ ಕೇಳಲಿ, ತನಗೆ ಗೊತ್ತಿರುವ ಕಥೆ ಹೇಳಲಿ. ಓದಿ ಮುಗಿದ ಮೇಲೆ ‘ಇದರ ನೀತಿಯೇನು?’ ಎಂದು ಮಾತ್ರ ಯಾರೂ ಕೇಳಬಾರದು. ಮಗು ತಾನಾಗಿ ಏನಾದರೂ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು.