ಮೃಗಾಲಯದ ದೊಡ್ಡಸ್ತಿಕೆ ಯಾವುದರಲ್ಲಿ?

ಜಗತ್ತಿನ ಮೃಗಾಲಯಗಳಿಗೆ ರ‍್ಯಾಂಕ್ ಕೊಡುವವರು ಸಾಮಾನ್ಯವಾಗಿ ಅಲ್ಲಿರುವ ಜಾತಿಗಳನ್ನು ಎಣಿಸುತ್ತಾರೆ. ಆ ಲೆಕ್ಕದಲ್ಲಿ 1844ರ ಬರ್ಲಿನ್ ಮೃಗಾಲಯ ಮುಂಚೂಣಿಯಲ್ಲಿದೆ. ಕಾಡಿಗೆ ಮರಳಿಸಿದ್ದೆಷ್ಟು ಎಂದು ಕೇಳಿದರೆ ಪಟ್ಟಿಯೇ ಬದಲಾದೀತು. ನನ್ನ ಮೊದಲ ಸ್ಥಾನ ಅಮೆರಿಕದ ಸ್ಯಾನ್ ಡಿಯಾಗೋಗೆ. 1982ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೈತ್ಯ ರಣಹದ್ದುಗಳು ಉಳಿದಿದ್ದದ್ದು ಇಪ್ಪತ್ತು ಚಿಲ್ಲರೆ. 1987ರಲ್ಲಿ ಕೊನೆಯದನ್ನೂ ಹಿಡಿದು, ಲಾಸ್ ಏಂಜಲೀಸ್ ಮೃಗಾಲಯದ ಜೊತೆಗೂಡಿ ಸಾಕಿದರು. ಮರಿಗಳು ಮನುಷ್ಯರಿಗೆ ಒಗ್ಗಿಕೊಳ್ಳಬಾರದೆಂದು, ಕಾಂಡೋರ್ ತಲೆಯಂಥ ಕೈಗೊಂಬೆ ತೊಟ್ಟು ಗುಟುಕು ಕೊಟ್ಟರು. 1992ರಿಂದ ಬಿಡುಗಡೆ ಶುರುವಾಯಿತು. ಇಂದು 300ಕ್ಕೂ ಹೆಚ್ಚು ಹಕ್ಕಿಗಳು ಬಯಲಲ್ಲಿ ಹಾರುತ್ತಿವೆ. ಇದು ದುಡ್ಡಿದ್ದವರ ಆಟ, ಸಣ್ಣವರಿಗೆ ಈ ಅಳತೆ ಅನ್ಯಾಯ ಎನ್ನಬಹುದು. ಹಾಗೇನಿಲ್ಲ. ಪುಟ್ಟ ಜೆರ್ಸಿ ದ್ವೀಪದಲ್ಲಿ ಜೆರಾಲ್ಡ್ ಡರೆಲ್ 1959ರಲ್ಲಿ ತೆರೆದ ಮೃಗಾಲಯ, ಮಾರಿಷಸ್‌ನ ಗುಲಾಬಿ ಪಾರಿವಾಳ ಅಳಿಯದಂತೆ ತಡೆಯಲು ಹೆಗಲು ಕೊಟ್ಟಿತು. ನನ್ನ ಎರಡನೆಯ ಸ್ಥಾನ ಅದಕ್ಕೇ.