ಪೆನ್ನು ಹಿಡಿದು ಓದಬೇಕಾದ ಪುಸ್ತಕ

ಪರೀಕ್ಷೆ ಹತ್ತಿರವಾದಂತೆ ನಿದ್ದೆ ಕೆಡುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಊರು ಬಿಟ್ಟು ಹಾಸ್ಟೆಲ್ ಸೇರಿದವರು ಯಾರೊಂದಿಗೂ ಬೆರೆಯಲಾಗದೆ ಒಳಗೊಳಗೇ ಕುಗ್ಗುತ್ತಾರೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಇವರೆಲ್ಲರ ಮಾತು ಕೇಳುವಷ್ಟು ಆಪ್ತಸಮಾಲೋಚಕರು ನಮ್ಮ ಕಾಲೇಜುಗಳಲ್ಲಿ ಇಲ್ಲ. ಹಾಗಿರುವಾಗ ಒಳ್ಳೆಯ ಸೆಲ್ಫ್‌ಹೆಲ್ಪ್ ಪುಸ್ತಕ ಅಥವಾ ಆಡಿಯೊ ನಿಜಕ್ಕೂ ಆಸರೆಯಾಗಬಲ್ಲದು. ಆದರೆ ಸುಮ್ಮನೆ ಓದಿ ಮುಚ್ಚಿಟ್ಟರೆ ಸಾಲದು, ಅದರಲ್ಲಿರುವುದನ್ನು ಮಾಡಬೇಕು.

ಯಾವ ಪುಸ್ತಕ ಆರಿಸಬೇಕು?

ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಬಹುಪಾಲು ಪುಸ್ತಕಗಳು ಯಶಸ್ಸಿನ ಕಥೆಗಳು. ಅವು ಹುಮ್ಮಸ್ಸು ಕೊಡುತ್ತವೆ, ಆದರೆ ಮನಸ್ಸು ಕುಸಿದಾಗ ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ. ಸಂಶೋಧನೆಯ ಬೆಂಬಲ ಹೆಚ್ಚಾಗಿ ಸಿಕ್ಕಿರುವುದು ಇನ್ನೊಂದು ಬಗೆಯ ಪುಸ್ತಕಗಳಿಗೆ: ಯೋಚನೆ ಮತ್ತು ನಡವಳಿಕೆಯನ್ನು ಹಂತಹಂತವಾಗಿ ತಿದ್ದಿಕೊಳ್ಳಲು ಕಲಿಸುವಂಥವು. ಇವುಗಳ ಬೇರು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮದಲ್ಲಿದೆ. ಅದನ್ನು ಜನಸಾಮಾನ್ಯರಿಗೆ ತಲುಪಿಸಿದ್ದು ಮನೋವೈದ್ಯ ಡೇವಿಡ್ ಬರ್ನ್ಸ್ ಅವರ ‘ಫೀಲಿಂಗ್ ಗುಡ್’ (1980). ಅಲಬಾಮಾ ವಿಶ್ವವಿದ್ಯಾಲಯದ ಫಾರೆಸ್ಟ್ ಸ್ಕೋಗಿನ್ ಮತ್ತು ಸಂಗಡಿಗರು ಖಿನ್ನತೆಯಿದ್ದವರಿಗೆ ಇದೇ ಪುಸ್ತಕ ಕೊಟ್ಟು, ಓದಲು ನಾಲ್ಕು ವಾರ ಸಮಯ ಕೊಟ್ಟು, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿದರು. ಪುಸ್ತಕ ಇನ್ನೂ ಸಿಗದೆ ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಓದಿದವರು ಹೆಚ್ಚು ಚೇತರಿಸಿಕೊಂಡರು. ಇಂಗ್ಲೆಂಡಿನಲ್ಲಿ 2013ರಿಂದ ಸಾರ್ವಜನಿಕ ಗ್ರಂಥಾಲಯಗಳಲ್ಲೇ ಇಂಥ ಪುಸ್ತಕಗಳನ್ನು ಇಡುವ ಯೋಜನೆ ನಡೆಯುತ್ತಿದೆ. ವೈದ್ಯರು ಅವನ್ನು ಓದಲು ಸೂಚಿಸಬಹುದು.

ಕನ್ನಡದಲ್ಲೂ ಈ ಸಾಹಿತ್ಯಕ್ಕೆ ಬರವಿಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಪುಸ್ತಕ ಕೈಗೆತ್ತಿಕೊಂಡಾಗ ಇಷ್ಟು ನೋಡಿ:

- ಬರೆದವರು ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ?
- ಓದುಗರು ಮಾಡಬೇಕಾದ ಅಭ್ಯಾಸಗಳು ಇವೆಯೇ?
- ಯಾವಾಗ ವೈದ್ಯರನ್ನು ಕಾಣಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆಯೇ?

ಏಳು ದಿನಗಳಲ್ಲಿ ಗುಣವಾಗುತ್ತದೆ ಎನ್ನುವ, ಮಾತ್ರೆ ನಿಲ್ಲಿಸಿ ಎನ್ನುವ, ‘ಮನಸ್ಸು ಗಟ್ಟಿಯಿಲ್ಲದ್ದೇ ನಿನ್ನ ತಪ್ಪು’ ಎನ್ನುವ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ.

ಭಾಷೆಯೂ ಮುಖ್ಯ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಎಂಜಿನಿಯರಿಂಗ್ ಪಠ್ಯದ ಇಂಗ್ಲಿಷೇ ಒಂದು ಹೊರೆ. ಮನಸ್ಸು ಹಗುರಾಗಲೆಂದು ಓದುವುದೂ ಅದೇ ಹೊರೆಯಾಗಬಾರದು. ಪುಸ್ತಕ ಇಂಗ್ಲಿಷಿನದಾದರೂ ಅಭ್ಯಾಸಗಳನ್ನು ಮನೆಮಾತಿನಲ್ಲಿ ಬರೆಯಿರಿ.

ಓದುವ ಕ್ರಮ

ಒಂದೇ ಪುಸ್ತಕ, ಒಂದು ನೋಟ್‌ಬುಕ್, ವಾರಕ್ಕೆ ಒಂದು ಅಧ್ಯಾಯ, ದಿನಕ್ಕೆ ಇಪ್ಪತ್ತು ನಿಮಿಷ. ಈಜು ಕಲಿಯುವವರು ದಡದಲ್ಲಿ ಕುಳಿತು ಓದಿದರೆ ಆಗದು, ನೀರಿಗಿಳಿಯಲೇಬೇಕು. ಅಧ್ಯಾಯದ ಕೊನೆಯ ಅಭ್ಯಾಸ ಮಾಡದೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ.

ಬಹುತೇಕ ಪುಸ್ತಕಗಳಲ್ಲಿರುವ ಯೋಚನೆಯ ದಾಖಲೆಯನ್ನೇ ನೋಡೋಣ. ಇಂಟರ್ನಲ್ಸ್‌ನಲ್ಲಿ 25ಕ್ಕೆ 8 ಅಂಕ ಬಂದಿದೆ ಎಂದುಕೊಳ್ಳಿ. ಮೊದಲು ನಡೆದದ್ದನ್ನಷ್ಟೇ ಬರೆಯಿರಿ: ‘8 ಅಂಕ ಬಂತು.’ ಆಮೇಲೆ ಆ ಕ್ಷಣ ಮನಸ್ಸು ಹೇಳಿದ್ದು: ‘ನನ್ನ ಕೈಲಿ ಈ ಕೋರ್ಸ್ ಆಗಲ್ಲ.’ ಪಕ್ಕದಲ್ಲಿ ಭಾವನೆ ಮತ್ತು ಅದರ ತೀವ್ರತೆ: ‘ಹತಾಶೆ, ನೂರಕ್ಕೆ 80.’ ನಂತರ ಆ ಮಾತಿಗೆ ಏನು ಆಧಾರವಿದೆ, ಅದಕ್ಕೆ ವಿರುದ್ಧವಾಗಿ ಏನಿದೆ ಎಂದು ಎರಡು ಸಾಲುಗಳಲ್ಲಿ ಬರೆಯಿರಿ: ‘ಎರಡು ಯೂನಿಟ್ ಓದಿರಲಿಲ್ಲ. ಉಳಿದ ಮೂರು ವಿಷಯಗಳಲ್ಲಿ ಪಾಸಾಗಿದ್ದೇನೆ.’ ಕೊನೆಗೆ ತೂಗಿ ನೋಡಿದ ಮಾತು: ‘ಈ ವಿಷಯದಲ್ಲಿ ಹಿಂದುಳಿದಿದ್ದೇನೆ, ನಾಳೆ ಮೊದಲ ಯೂನಿಟ್ ಸ್ನೇಹಿತನ ಜೊತೆ ಕೂತು ಓದುತ್ತೇನೆ.’ ಹತಾಶೆ 80ರಿಂದ 50ಕ್ಕೆ ಇಳಿದರೂ ಅಭ್ಯಾಸ ಕೆಲಸ ಮಾಡಿದೆ ಎಂದರ್ಥ. ಒಳ್ಳೆಯದನ್ನೇ ಯೋಚಿಸು ಎಂಬ ಬಲವಂತ ಇಲ್ಲಿಲ್ಲ. ತಲೆಯೊಳಗೆ ಗಿರಕಿ ಹೊಡೆಯುವ ಮಾತು ಕಾಗದಕ್ಕೆ ಇಳಿದಾಗ ಪರೀಕ್ಷಿಸಿ ನೋಡಲು ಸಿಗುತ್ತದೆ, ಅಷ್ಟೆ.

ಆಡಿಯೊ ಯಾವಾಗ?

ಓದಲು ಮನಸ್ಸು ನಿಲ್ಲದಾಗ ಕಿವಿ ನೆರವಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒತ್ತಡ ನಿಭಾಯಿಸುವ ಸಚಿತ್ರ ಕೈಪಿಡಿಯೊಂದನ್ನು ಆಡಿಯೊ ಅಭ್ಯಾಸಗಳ ಜೊತೆಗೆ ಉಚಿತವಾಗಿ ಹೊರತಂದಿತು. ಅದೇ ಸಂಸ್ಥೆಯ ಆಡಿಯೊ ಆಧಾರಿತ ತರಬೇತಿಯೊಂದನ್ನು ಉಗಾಂಡದಲ್ಲಿ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರ ಗುಂಪುಗಳಲ್ಲಿ ಪರೀಕ್ಷಿಸಿದಾಗ, ತಜ್ಞರಲ್ಲದವರು ನಡೆಸಿಕೊಟ್ಟರೂ ಮನಸ್ಸಿನ ಸಂಕಟ ಕಡಿಮೆಯಾಗಿತ್ತು.

ಅಭ್ಯಾಸದ ಆಡಿಯೊ ಬೇರೆ, ಹುರಿದುಂಬಿಸುವ ಭಾಷಣ ಬೇರೆ. ಮೊದಲನೆಯದು ‘ಉಸಿರು ನಿಧಾನವಾಗಿ ಬಿಡಿ’, ‘ಮುಷ್ಟಿ ಬಿಗಿಹಿಡಿದು ಸಡಿಲಿಸಿ’ ಎಂದು ನಿಮ್ಮಿಂದ ಏನನ್ನಾದರೂ ಮಾಡಿಸುತ್ತದೆ. ಸ್ನಾಯುಗಳನ್ನು ಬಿಗಿದು ಸಡಿಲಿಸುವ ಈ ಕ್ರಮವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷಗಳ ಹಿಂದೆಯೇ ರೂಪಿಸಿದ್ದರು. ಹತ್ತು ನಿಮಿಷದ ಒಂದೇ ಆಡಿಯೊವನ್ನು ಡೌನ್‌ಲೋಡ್ ಮಾಡಿಕೊಂಡು, ಮನಸ್ಸು ಶಾಂತವಾಗಿರುವ ದಿನಗಳಲ್ಲೇ ರೂಢಿ ಮಾಡಿಕೊಳ್ಳಿ. ಆಗ ಪರೀಕ್ಷಾ ಕೊಠಡಿಯ ಮುಂದೆ ಎದೆ ಹೊಡೆದುಕೊಳ್ಳುವಾಗ ಇಯರ್‌ಫೋನ್ ಇಲ್ಲದೆಯೂ ಅದು ನೆನಪಾಗುತ್ತದೆ. ಕಣ್ಣು ಮುಚ್ಚಿದರೆ ಹಳೆಯ ಕಹಿ ಘಟನೆ ನುಗ್ಗಿ ಬರುವುದಾದರೆ ಕಣ್ಣು ತೆರೆದೇ ಇರಲಿ, ಪಾದ ನೆಲಕ್ಕೊತ್ತಿ ಕುಳಿತುಕೊಳ್ಳಿ. ಆಗಲೂ ಕಷ್ಟವೆನಿಸಿದರೆ ನಿಲ್ಲಿಸಿ.

ಜೊತೆಗೊಬ್ಬರು ಬೇಕು

ಒಬ್ಬರೇ ಓದುವುದಕ್ಕಿಂತ ವಿಚಾರಿಸುವವರೊಬ್ಬರು ಇದ್ದಾಗ ಫಲ ಹೆಚ್ಚು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯ 2022ರ ಖಿನ್ನತೆಯ ಮಾರ್ಗಸೂಚಿ, ತೀವ್ರವಲ್ಲದ ಖಿನ್ನತೆಗೆ ತರಬೇತಾದವರ ಮಾರ್ಗದರ್ಶನದೊಂದಿಗೆ ನಡೆಯುವ ಸ್ವಸಹಾಯವನ್ನು ಮೊದಲು ಪರಿಗಣಿಸಲು ಹೇಳುತ್ತದೆ. ಅಂಥವರು ಸಿಗದ ಕಡೆ ಮೇಷ್ಟ್ರು, ಅಕ್ಕ, ರೂಮ್‌ಮೇಟ್ ಯಾರಾದರೂ ವಾರಕ್ಕೆ ಹತ್ತು ನಿಮಿಷ ಕೊಡಬಹುದು. ಅವರು ಕೇಳಬೇಕಾದ್ದು ‘ಈಗ ಸರಿಹೋದ್ಯಾ?’ ಎಂದಲ್ಲ, ‘ಈ ವಾರ ಯಾವ ಅಭ್ಯಾಸ ಮಾಡಿದೆ? ಎಲ್ಲಿ ಕಷ್ಟವಾಯ್ತು?’ ಎಂದು. ನೋಟ್‌ಬುಕ್ ತೋರಿಸು ಎಂದು ಒತ್ತಾಯಿಸಬಾರದು.

ಕಾಲೇಜು ಗ್ರಂಥಾಲಯಗಳು, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಇಂಥ ಹತ್ತಾರು ಪುಸ್ತಕಗಳನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳುವ ಕಪಾಟಿನಲ್ಲಿ ಇಡಬೇಕು. ನಾಚಿಕೆಯಿಂದ ಕೇಳದವರಿಗೇ ಅವು ಹೆಚ್ಚು ಬೇಕಾಗಿರುತ್ತವೆ.

ಪುಸ್ತಕ ಸಾಲದು ಎನ್ನುವಾಗ

ಎರಡು ವಾರ ಕಳೆದರೂ ನಿದ್ದೆ, ಊಟ ಹಳಿಗೆ ಬರದಿದ್ದರೆ, ತರಗತಿಗೆ ಹೋಗಲಾಗದಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಅಥವಾ ನೋಯಿಸಿಕೊಳ್ಳುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಜೀವಕ್ಕೆ ಅಪಾಯವಿದ್ದರೆ 112. ಸ್ನೇಹಿತರೊಬ್ಬರು ಇಂಥ ಮಾತಾಡಿದರೆ ಅವರ ಕೈಗೆ ಪುಸ್ತಕ ಕೊಟ್ಟು ಕಳಿಸಬೇಡಿ. ಜೊತೆಗೇ ಕುಳಿತು, ನೀವೇ 14416ಕ್ಕೆ ಕರೆ ಮಾಡಿ.