ದೋಣಿಯ ದುರಸ್ತಿಗೆ ಬೇಕಾದ ಹತ್ಯಾರುಗಳು

1963ರಲ್ಲಿ ಇಂಗ್ಲೆಂಡಿನಲ್ಲಿ ‘ಮಿರರ್’ ಎಂಬ ಪುಟ್ಟ ಹಾಯಿದೋಣಿಯೊಂದು ಜನಸಾಮಾನ್ಯರ ಕೈಗೆ ಬಂದಿತು. ದೋಣಿಗಳ ವಿನ್ಯಾಸಕಾರನಾದ ಜಾಕ್ ಹೋಲ್ಟ್, ಮನೆಯ ಮರಗೆಲಸವನ್ನು ಟೆಲಿವಿಷನ್ನಿನಲ್ಲಿ ಕಲಿಸಿ ಹೆಸರಾಗಿದ್ದ ಬ್ಯಾರಿ ಬಕ್ನೆಲ್ ಇವರಿಬ್ಬರೂ ಕೂಡಿ ರೂಪಿಸಿದ ದೋಣಿ ಅದು. ಬೆಂಬಲವಾಗಿ ನಿಂತುದು ‘ಡೈಲಿ ಮಿರರ್’ ಪತ್ರಿಕೆ. ಉದ್ದ ಸುಮಾರು 3.3 ಮೀಟರ್. ಪ್ಲೈವುಡ್ಡಿನ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿಯನ್ನಿಟ್ಟು ರಾಳವನ್ನು ಲೇಪಿಸಿದರೆ ದೋಣಿಯ ಒಡಲು ಸಿದ್ಧವಾಗುತ್ತದೆ. ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿಯುತ್ತಿದ್ದ ನಮ್ಮ ಪಶ್ಚಿಮ ಕರಾವಳಿಯವರಿಗೆ ಈ ಉಪಾಯ ತೀರ ಅಪರಿಚಿತವೆನಿಸದು. ಇಂಥ ದೋಣಿಗಳು ಇಂದಿನವರೆಗೆ 70,000ಕ್ಕೂ ಹೆಚ್ಚು ಹುಟ್ಟಿವೆ.

ಮನೆಯಲ್ಲೇ ಕಟ್ಟಿದ ದೋಣಿಯನ್ನು ಮನೆಯವರೇ ಕಾಪಾಡಬೇಕು. ಅದಕ್ಕೆ ಯಾವ ಹತ್ಯಾರು ಬೇಕು? ಹೊಸಬನ ಕೈ ಮೊದಲು ಹೋಗುವುದು ವಿದ್ಯುತ್ ಯಂತ್ರದ ಕಡೆಗೆ. ಆದರೆ ಈ ಒಡಲಿನ ದಪ್ಪ ಸುಮಾರು 5 ಮಿಲಿಮೀಟರ್ ಮಾತ್ರ. ಅದೂ ಅಂಟಿಸಿದ ಮೂರು ಪದರಗಳು ಸೇರಿ! ಹೊರಪದರ ಸವೆದು ಹೋದರೆ ಅದನ್ನು ಮತ್ತೆ ಬೆಳೆಸುವ ಯಂತ್ರವಿಲ್ಲ.

ಆದುದರಿಂದ ಮೊದಲ ಕೆಲಸ ಕೆರೆಯುವುದಲ್ಲ, ಕೇಳುವುದು. ತಿರುಪುಳಿಯ ಹಿಡಿಯಿಂದ ಹಲಗೆಯನ್ನು ಅಂಗುಲ ಅಂಗುಲಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿಮರ ಟಣ್ಣೆಂದು ದನಿಗೊಡುತ್ತದೆ. ಕೊಳೆತ ಮರ ಮಂಕಾಗಿ ಸದ್ದು ಮಾಡುತ್ತದೆ. ಸಂಶಯವಿದ್ದೆಡೆ ದಬ್ಬಳದ ಮೊನೆಯನ್ನು ಮೆಲ್ಲಗೆ ಒತ್ತಿ ನೋಡಬಹುದು. ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ತೇವ ಬೇಕು. ಒಣಮರದ ತೂಕದ ನೂರಕ್ಕೆ 20ಕ್ಕಿಂತ ಕಡಿಮೆ ನೀರಿರುವ ಮರ ಸಾಮಾನ್ಯವಾಗಿ ಸುರಕ್ಷಿತ. ಇದನ್ನು ಅಳೆಯುವ ಮೀಟರಿಗೆ ಎರಡು ಸೂಜಿಗಳುಂಟು. ಮರ ಒದ್ದೆಯಾದಷ್ಟೂ ಅವೆರಡರ ನಡುವೆ ವಿದ್ಯುತ್ತಿಗೆ ಒಡ್ಡುವ ರೋಧ ಕಡಿಮೆಯಾಗುವುದರಿಂದ, ಮೀಟರು ತೇವವನ್ನು ಅಂದಾಜು ಮಾಡಬಲ್ಲುದು. ವಿಚಿತ್ರವೆಂದರೆ, ಈ ಕೊಳೆತದ ಮಟ್ಟಿಗೆ ಕಡಲ ನೀರಿಗಿಂತ ದೋಣಿಯ ಮೂಲೆಯಲ್ಲಿ ನಿಂತ ಮಳೆನೀರೇ ಹೆಚ್ಚು ಅಪಾಯಕಾರಿ. ಉಪ್ಪು ಶಿಲೀಂಧ್ರಗಳಿಗೆ ಹಿತವಲ್ಲ.

ಹಳೆಯ ವಾರ್ನಿಷನ್ನು ತೆಗೆಯಲು ಹರಿತವಾದ ಹೆರೆಯುವ ಅಲಗೇ ಶ್ರೇಷ್ಠ. ಅದನ್ನು ಮರದ ಎಳೆಗಳ ದಿಕ್ಕಿನಲ್ಲಿ ಎಳೆಯಬೇಕು. ಮೊಂಡಾದೊಡನೆ ಅರದಿಂದ ತೀಡಬೇಕು. ಮೊಂಡು ಅಲಗನ್ನು ಬಲದಿಂದ ಒತ್ತಿದವನೇ ಮರಕ್ಕೆ ಗಾಯಮಾಡುತ್ತಾನೆ. ಉಳಿದುದನ್ನು ನಯಗೊಳಿಸಲು ವಿದ್ಯುತ್ ಉಜ್ಜುಯಂತ್ರ ಬಳಸಬಹುದು. ಅದರ ಬಿಲ್ಲೆ ತನ್ನ ಸುತ್ತ ತಿರುಗುವುದಲ್ಲದೆ ಪುಟ್ಟ ವೃತ್ತದಲ್ಲಿ ಓಲಾಡುವುದೂ ಉಂಟು. ಹೀಗಾಗಿ ಒಂದೇ ಕಣ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಕೊರೆಯುವುದಿಲ್ಲ. ಆದರೂ ಅದನ್ನು ಒಂದೆಡೆ ನಿಲ್ಲಿಸಕೂಡದು, ಅಂಚಿನ ಮೇಲೆ ಓರೆಯಾಗಿ ಹಿಡಿಯಲೂ ಕೂಡದು. ಅಂಟಿನ ಗೆರೆ ಕಾಣಿಸಿಕೊಂಡಿತೆಂದರೆ ಆಗಲೇ ತಡವಾಗಿದೆ. ಲೋಹ ತಿಕ್ಕುವ ಗ್ರೈಂಡರನ್ನಂತೂ ಇತ್ತ ತರಲೇಬಾರದು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಒಣದಾಗಿ ಉಜ್ಜದಿರುವುದೇ ಲೇಸು. ಬೇರೆ ಬಣ್ಣವನ್ನು ಉಜ್ಜುವಾಗಲೂ ಮುಖಕ್ಕೆ ಧೂಳು ತಡೆಯುವ ಮುಸುಕು ಬೇಕು.

ತಿರುಪು ಮೊಳೆಗಳ ವಿಷಯವನ್ನೂ ಹೇಳಬೇಕು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಊದಿ ಮರವನ್ನು ಸೀಳುತ್ತದೆ. ಹಿತ್ತಾಳೆ ಉಪ್ಪುನೀರಿನಲ್ಲಿ ತನ್ನ ಸತುವನ್ನು ಕಳೆದುಕೊಂಡು ಪೊಳ್ಳಾಗುತ್ತದೆ; ಕಣ್ಣಿಗೆ ಮೊಳೆಯಂತೆಯೇ ಕಂಡರೂ ತಿರುಪುಳಿ ತಾಗಿದಾಗ ಮುರಿದುಬೀಳುತ್ತದೆ. ಸಿಲಿಕಾನ್ ಕಂಚಿನ ಮೊಳೆ ಇಲ್ಲಿ ಹೆಚ್ಚು ನಂಬುಗೆಯದು. ಮೊಳೆಗೆ ಮುನ್ನ ತೂತು ಕೊರೆಯಲು ಕೈಬೈರಿಗೆಯಾದರೂ ಸಾಕು, ಬ್ಯಾಟರಿಯ ಬೈರಿಗೆಯಾದರೆ ಸುಲಭ.

ಬ್ಯಾಟರಿಯ ಬೈರಿಗೆಯ ನಿಜವಾದ ಗುಣ ಸುಲಭತೆಯಲ್ಲಿಲ್ಲ. ಒದ್ದೆ ಮರಳಿನ ಮೇಲೆ ನಿಂತವನ ದೇಹದ ರೋಧ 1,000 ಓಮ್‌ಗಳಿಗೆ ಇಳಿಯಬಹುದು. ದೋಷವುಳ್ಳ 230 ವೋಲ್ಟಿನ ಯಂತ್ರವನ್ನು ಅವನು ಹಿಡಿದರೆ, ಓಮನ ನಿಯಮದಂತೆ 0.23 ಆಂಪಿಯರ್ ಪ್ರವಾಹ ಅವನ ಮೂಲಕ ಭೂಮಿಗೆ ಹರಿಯುತ್ತದೆ. ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಲು ಅಷ್ಟು ಸಾಕು. 18 ವೋಲ್ಟಿನ ಬ್ಯಾಟರಿಯ ಮಂಡಲವಾದರೋ ಯಂತ್ರದೊಳಗೇ ಪೂರ್ಣಗೊಳ್ಳುತ್ತದೆ. ಅದಕ್ಕೂ ಭೂಮಿಗೂ ಸಂಬಂಧವಿಲ್ಲ. ಉಜ್ಜುಯಂತ್ರಕ್ಕೆ ಮನೆಯ ವಿದ್ಯುತ್ತೇ ಬೇಕೆಂದಾದರೆ, 30 ಮಿಲಿ ಆಂಪಿಯರ್ ಸೋರಿದೊಡನೆ ಪ್ರವಾಹವನ್ನು ಕತ್ತರಿಸುವ ರಕ್ಷಕ ಸ್ವಿಚ್ಚಿನ ಮೂಲಕವೇ ಅದನ್ನು ಪಡೆಯಬೇಕು. ಆ ಸ್ವಿಚ್ಚಿನ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ಕೆಲಸಕ್ಕೆ ತೊಡಗುವ ಮುನ್ನ ಅದನ್ನೊಮ್ಮೆ ಒತ್ತಿ, ಸ್ವಿಚ್ಚು ಬೀಳುವುದನ್ನು ಕಂಡ ಬಳಿಕವೇ ಯಂತ್ರವನ್ನು ಕೈಗೆತ್ತಿಕೊಳ್ಳಬೇಕು.